ಲೀಟರಿಗೊಂದು ಬಟ್ಟಲು

ಹೊಂಗನೂರು,
ಚನ್ನಪಟ್ಟಣ ತಾಲ್ಲೂಕು, ರಾಮನಗರ ಜಿಲ್ಲೆ
(ಜಿಲ್ಲೆ ಹೋದ ತಿಂಗಳು ಬದಲಾಯಿತು. ನಾವು ಕೂತಲ್ಲೇ ಇದ್ದೇವೆ.)
ಭಾನುವಾರ, 16-9-2007

ಪ್ರೀತಿಯ ತಮ್ಮ ದೇವರಾಜುವಿಗೆ ಅಣ್ಣ ಅನಂತರಾಜುವಿನ ಆಶೀರ್ವಾದಗಳು.

ನಿನ್ನ ಬೆನ್ನುನೋವು ಹೇಗಿದೆ? ಪ್ರತಿಮಾ ಫೋನಿನಲ್ಲಿ ‘ಪರವಾಗಿಲ್ಲ ಭಾವ’ ಎಂದಳು. ಅವಳು ಎಲ್ಲದಕ್ಕೂ ಹಾಗೇ ಅನ್ನುತ್ತಾಳಾದ್ದರಿಂದ ನಂಬಿಕೆ ಸಾಲದು. ಫೋನಿರುವ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡ. ನನ್ನ ದನಿ ಕೇಳಿದ ಕೂಡಲೇ ನೀನು ‘ಆಯ್ತಣ್ಣ, ತಗೊ, ಪ್ರತಿಮಾ ಮಾತಾಡ್ತಾಳೆ’ ಎಂದು ಫೋನು ದಾಟಿಸಿಬಿಡುತ್ತೀಯ. ಕಾಗದವನ್ನು ದಾಟಿಸಿದರೆ ಅವಳು ನಿನಗೇ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಎರಡು ದಾರಿಯಲ್ಲೂ ನಿನಗೆ ಬಿಡುಗಡೆ ಇಲ್ಲ. ಇಲ್ಲಿ ಅವ್ವ ಕ್ಷೇಮ. ನಿನ್ನೆ ಗಣೇಶನ ಹಬ್ಬಕ್ಕೆ ಹನ್ನೊಂದು ಕಡುಬು ತಿಂದು, ‘ಈಗ ಮುಂಚಿನಂಗೆ ಸೇರಾಕಿಲ್ಲ ಕಣ್ಲಾ’ ಎಂದು ದುಃಖಪಟ್ಟಳು. ನಿನ್ನ ಅತ್ತಿಗೆ ಲತಾಮಣಿಯೂ ಕ್ಷೇಮ, ಆದರೆ ನನ್ನೊಡನೆ ಮಾತು ಮಿತ. ಕಾರಣ ಅವಳ ಇಡ್ಲಿ ಪಾತ್ರೆಯಲ್ಲಿ ನಾನು ಬೇರಿಂಗು ತೊಳೆದದ್ದು. ನನ್ನ ವಿಷಯ ಹೇಳಬೇಕೆಂದರೆ, ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಮೈಯೆಲ್ಲ ಸೀಮೆಎಣ್ಣೆ ನಾರುತ್ತಿದೆ. ಡೈರಿಗೆ ಹಾಲು ಹಾಕಲು ಬರುವವರು ಸೆಕ್ರೆಟರಿಯಾದ ನನ್ನನ್ನು ಕ್ಯಾನಿನಿಂದ ನಾಲ್ಕು ಅಡಿ ದೂರ ನಿಲ್ಲಿಸಿ ಹಾಲು ಅಳೆಸಿಕೊಳ್ಳುತ್ತಿದ್ದಾರೆ.

ಯಾಕೆಂದರೆ ನಾನು ಅಪ್ಪನ ಗಾಡಿಯ ಇಂಜಿನ್ ಬಿಚ್ಚಿದ್ದೇನೆ. ಗಾಬರಿಯಾಗಬೇಡ, ಮಾರುವುದಕ್ಕಲ್ಲ. ರೇಷ್ಮೆಹುಳದ ಮನೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ಹದಿನಾಲ್ಕು ವರ್ಷದಿಂದ ತಪಸ್ಸಿಗೆ ಕೂತಿದ್ದ ಆ ಮೈಸೂರು ಮೋಟಾರು ಬೈಕನ್ನು ಎಬ್ಬಿಸಿ, ‘ದೇವರಾಜು ಅವತ್ತು ಆಯಿಲ್ ಹಾಕಿದ್ದನೋ ಇಲ್ಲವೋ’ ಎಂಬ ಪ್ರಶ್ನೆಗೆ ಅದರ ಹೊಟ್ಟೆಯಿಂದಲೇ ಉತ್ತರ ಹೊರಡಿಸೋಣ ಎಂದು ಹೊರಟೆ.

ಪ್ರಕರಣ ನಿನಗೆ ಗೊತ್ತಿರುವುದೇ. ಆದರೂ ಸೊಸೈಟಿ ಸೆಕ್ರೆಟರಿಯಾದವನು ಮೊದಲು ಹಿಂದಿನ ಸಭೆಯ ನಡಾವಳಿ ಓದಬೇಕು. 1993ರ ಒಂದು ಮಂಗಳವಾರ ನೀನು ಅವ್ವನನ್ನು ಹಿಂದೆ ಕೂರಿಸಿಕೊಂಡು ಕಬ್ಬಾಳಮ್ಮನಿಗೆ ಕೈಮುಗಿದು ಬರಲು ಹೊರಟೆ. ಈ ಗಾಡಿಗೆ ಪೆಟ್ರೋಲಿನ ಜೊತೆಯಲ್ಲೇ ಆಯಿಲ್ ಬೆರೆಸಬೇಕು, ಲೀಟರಿಗೊಂದು ಬಟ್ಟಲು. ಸಾತನೂರು ದಾಟಿದ ಮೇಲೆ ಇಂಜಿನ್ ಕಚ್ಚಿಕೊಂಡು, ಹಿಂದಿನ ಚಕ್ರ ನಿಂತು, ನೀವಿಬ್ಬರೂ ಹುಣಸೆ ಮರದ ಬುಡಕ್ಕೆ ಬಿದ್ದಿರಿ. ಅವ್ವನ ಮೊಣಕೈ ಮುರಿದು ಸೊಟ್ಟಗೆ ಕೂಡಿಕೊಂಡಿತು. ನೀನು ‘ಲೀಟರಿಗೊಂದು ಬಟ್ಲು ಹಾಕಿದೀನಿ ಕಣಣ್ಣ’ ಎಂದೆ. ನಾನು ‘ಮರ್ತಿದ್ದೀಯ, ಒಪ್ಕೊ’ ಎಂದೆ. ‘ಅವ್ನು ಉಯ್ದಿದ್ದ ನಾನೇ ಕಂಡಿವ್ನಿ’ ಎಂದು ಅವ್ವ ಹೇಳಿದರೆ, ಕಿರಿಮಗನ ಪರ ತಾಯಿ ಹೇಳುವ ಸಾಕ್ಷಿ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ ಎಂದು ವಜಾ ಮಾಡಿದೆ. ಊರಿನ ಹಾಲನ್ನೆಲ್ಲ ಅಳೆಯುವವನ ಮಾತಲ್ಲವೇ, ಊರೂ ಒಪ್ಪಿತು. ನಿನಗೆ ‘ಒಣ ಇಂಜಿನ್’ ಎಂದು ನಾಮಕರಣ ಮಾಡಿದ ಪುರೋಹಿತನೂ ನಾನೇ. ಹೆಸರು ಚೆನ್ನಾಗಿತ್ತು, ಅದೇ ಅದರ ಕೇಡು. ಜೀವಮಾನದಲ್ಲಿ ನಾನು ಆಡಿದ ಸಾವಿರ ತಮಾಷೆಯಲ್ಲಿ ಊರು ಕಾಪಾಡಿಕೊಂಡು ಬಂದದ್ದು ಅದೊಂದನ್ನೇ.

ಆಮೇಲೆ ನೀನು ಯಾವ ಗಾಡಿಯ ಹ್ಯಾಂಡಲನ್ನೂ ಹಿಡಿಯಲಿಲ್ಲ. ಬಿಡದಿಗೆ ಕಾರು ಫ್ಯಾಕ್ಟರಿ ಬಂದು ಅರ್ಧ ತಾಲ್ಲೂಕು ಯೂನಿಫಾರಂ ತೊಟ್ಟಾಗ ನೀನೂ ತೊಟ್ಟೆ. ಬೆಳಗ್ಗೆ ತಟ್ಟೆ ಇಡ್ಲಿ, ಸಂಜೆ ಮನೆ, ಸುಖವಾಗಿತ್ತು. ಅದನ್ನು ಬಿಟ್ಟು ಹೊಸೂರಿಗೆ ಯಾಕೆ ಓಡಿದೆ ಎಂದು ನಾನು ಎಷ್ಟೋ ಸಲ ಬೈದಿದ್ದೇನೆ. ಕಂಪನಿ ಬಸ್ಸಿನಲ್ಲಿ ಊರಿನ ಹುಡುಗರು ದಿನಾ ‘ಒಣ ಇಂಜಿನ್ಗೆ ಒಂದ್ ಸೀಟ್ ಬುಡ್ರಲಾ’ ಎನ್ನುತ್ತಿದ್ದರಂತೆ. ಇದನ್ನು ಪ್ರತಿಮಾ ಹೋದ ತಿಂಗಳು ಹೇಳಿದಳು. ನೀನು ಎಂದೂ ಹೇಳಲಿಲ್ಲ. ಈಗ ಹೊಸೂರಿನ ಫ್ಯಾಕ್ಟರಿಯಲ್ಲಿ ನಿನ್ನ ಕೆಲಸ ಅಳತೆ ಪರೀಕ್ಷೆ, ಕೂದಲೆಳೆ ಹೆಚ್ಚುಕಮ್ಮಿಯಾದರೂ ಮಾಲು ವಾಪಸ್ಸು. ಅದಕ್ಕೂ ನಾನು ‘ಕಳ್ಳನಿಗೇ ಬೀಗದ ಕೈ’ ಎಂದು ನಗಾಡಿದ್ದೆ.

ಹೋದ ಪಿತೃಪಕ್ಷದ ಊಟ ನಿನಗೆ ನೆನಪಿರುತ್ತದೆ, ನನಗೂ. ಎಲೆಗೆ ಸಾರು ಬಿದ್ದಿತ್ತು. ನಾನು ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ‘ಒಣ ಇಂಜಿನ್ಗೆ ಒಸಿ ಎಣ್ಣೆ ಮುಂದಾಗಿ ಬಡಿಸ್ರಪ್ಪ’ ಎಂದೆ. ನಿನ್ನ ಮಗಳು ಮುಖ ನೋಡಿ ‘ಅಪ್ಪಾ, ಒಣ ಇಂಜಿನ್ ಅಂದ್ರೆ ನೀನಾ?’ ಎಂದಳು. ನೀನು ಅವಳ ಕೈ ತೊಳೆಸಿ, ಚಪ್ಪಲಿ ಮೆಟ್ಟಿ, ನಾಲ್ಕೂಕಾಲರ ಬಸ್ಸಿಗೆ ಹೊರಟೆ. ಅಂದಿನಿಂದ ಬಂದಿಲ್ಲ. ಅವ್ವ ನನ್ನೊಡನೆ ಎರಡು ತಿಂಗಳು ಮಾತು ಬಿಟ್ಟಳು. ಮಾತಾಡಿದಾಗ ಆಡಿದ್ದು ಇಷ್ಟು: ‘ನನ್ ಕೈ ಸೊಟ್ಟಗಾಯ್ತು, ವೋಗ್ಲಿ. ನಿನ್ ಬಾಯ್ ಯಾಕ್ಲಾ ಸೊಟ್ಟ? ಬಾಯ್ ಬಿಚ್ಚಿದ್ದು ಸಾಕು, ಇಂಜಿನ್ ಬಿಚ್ಚು. ಅದೇನೈತೆ ನೋಡು.’ ಅವ್ವನ ಆಜ್ಞೆ, ಮೇಲ್ಮನವಿ ಇಲ್ಲ.

ಬಿಚ್ಚುವ ಮುಂಚೆ ಗೋಣಿತಾಟು ಎಳೆದು ಸುಮ್ಮನೆ ನೋಡುತ್ತಾ ಕೂತೆ. ಒದೆಯುವುದಕ್ಕೂ ಗೇರು ಹಾಕುವುದಕ್ಕೂ ಒಂದೇ ಕೋಲು ಇರುವ ಮಿತವ್ಯಯದ ಗಾಡಿ. ಎರಡು ಸೈಲೆನ್ಸರಿನಲ್ಲಿ ಎಡಗಡೆಯದು ನಿನಗೆ, ಬಲಗಡೆಯದು ನನಗೆ ಎಂದು ಚಿಕ್ಕವರಿದ್ದಾಗ ಪಾಲು ಮಾಡಿಕೊಂಡಿದ್ದೆವಲ್ಲ, ತಾಲ್ಲೂಕಿನಲ್ಲಿ ಅಣ್ಣತಮ್ಮಂದಿರ ನಡುವೆ ಅಷ್ಟು ಶಾಂತವಾದ ಪಾಲು ಇನ್ನೊಂದು ನಡೆದಿರಲಾರದು. ಅಪ್ಪ ರೇಷ್ಮೆಗೂಡಿನ ಮೂಟೆ ಕಟ್ಟಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟರೆ ನೀಲಿ ಹೊಗೆ ಹಿತ್ತಲ ಹಿಪ್ಪುನೇರಳೆ ಗಿಡದವರೆಗೆ ಹರಡುತ್ತಿತ್ತು, ನಾವಿಬ್ಬರೂ ಅದರೊಳಗೆ ನುಗ್ಗಿ ಮೂಗರಳಿಸಿ ನಿಲ್ಲುತ್ತಿದ್ದೆವು. ಸಂಜೆ ಕೆರೆ ಏರಿಯ ಮೇಲೆ ಡುಗುಡುಗು ಸದ್ದು ಕೇಳಿದ ಕೂಡಲೇ ನೀನು ಜಗಲಿಯಲ್ಲೇ ಕೂತು ‘ಇವತ್ತು ಗೂಡಿಗೆ ಒಳ್ಳೆ ರೇಟ್ ಸಿಕ್ಕೈತೆ’ ಎಂದೋ, ‘ಇವತ್ತು ಅಪ್ಪನ್ನ ಮಾತಾಡಿಸ್ಬೇಡ’ ಎಂದೋ ಪಂಚಾಂಗ ಹೇಳುತ್ತಿದ್ದೆ. ಒಂದು ದಿನವೂ ತಪ್ಪಲಿಲ್ಲ. ಸದ್ದು ಕೇಳಿ ಇಂಜಿನ್ನಿನ ಯೋಗಕ್ಷೇಮ ತಿಳಿಯುತ್ತಿದ್ದ ಹುಡುಗ ಅದಕ್ಕೆ ಆಯಿಲ್ ಹಾಕುವುದನ್ನು ಮರೆತಾನೇ ಎಂದು ನನಗೆ ಆ ದಿನ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಮಾಷೆ ಹೊಳೆದಿತ್ತಲ್ಲ, ಒಂದು ತಲೆಗೆ ಒಂದೇ ಹೊಳಹು.

ಹುಳ ಸಾಕುವುದನ್ನು ಬಿಟ್ಟು ಐದು ವರ್ಷವಾದರೂ ಹುಳದ ಮನೆಯ ಮಡಿ ಹೋಗಿಲ್ಲ. ಅವ್ವ ಇವತ್ತಿಗೂ ಚಪ್ಪಲಿ ಹೊರಗೆ ಬಿಡಿಸಿ, ಕಾಲು ತೊಳೆಸಿಯೇ ಒಳಗೆ ಬಿಡುವುದು. ಹುಳ ಗೂಡು ಕಟ್ಟುತ್ತಿದ್ದ ಚಂದ್ರಿಕೆಯ ಸುರುಳಿಯಲ್ಲಿ ಈಗ ನಟ್ಟು ಬೋಲ್ಟುಗಳು ಬಿಚ್ಚಿದ ವರಸೆಯಲ್ಲೇ ಕೂತಿವೆ. ಅವೂ ಹುಳಗಳಂತೆ ನಾಲ್ಕು ಜ್ವರಕ್ಕೆದ್ದು, ಪೊರೆ ಕಳಚಿ, ಗೂಡು ಕಟ್ಟಬಹುದೆಂದು ಕಾಯುತ್ತಿದ್ದೇನೆ. ಹಳೇ ಮೆಕ್ಯಾನಿಕ್ ಸಿದ್ದಯ್ಯನವರು ಚನ್ನಪಟ್ಟಣದಿಂದ ಭಾನುವಾರ ಭಾನುವಾರ ಬರುತ್ತಾರೆ. ಕಣ್ಣು ಮಂಜು, ಕೈಬೆರಳೇ ಕಣ್ಣು. ಅವರು ಹೇಳಿದಂತೆ ಮಾಡುವ ಕೂಲಿ ನಾನು. ಹೆಡ್ ತೆಗೆದರೆ ಪಿಸ್ಟನ್ ಸಿಲಿಂಡರಿನೊಳಗೆ ಬೇರು ಬಿಟ್ಟುಕೊಂಡು ಕೂತಿತ್ತು. ಎರಡು ವಾರ ಸೀಮೆಎಣ್ಣೆ ಕುಡಿಸಿದೆವು, ಅಲುಗಲಿಲ್ಲ. ಕಬ್ಬಿಣದಲ್ಲಿ ಬಡಿದರೆ ಒಡೆಯುತ್ತೆ, ಮರದ ದಿಮ್ಮಿ ಇಟ್ಟು ಮೆಲ್ಲಗೆ ತಟ್ಟಬೇಕು ಎಂದರು ಸಿದ್ದಯ್ಯ. ಕೊನೆಗೆ ಅದು ಹೊರಬಂದಾಗ ಪಕ್ಕೆಯಲ್ಲೆಲ್ಲ ಉದ್ದುದ್ದ ಗೀರು. ನಾನು ಸಂಭ್ರಮದಿಂದ ‘ಆಯಿಲ್ ಇರಲಿಲ್ಲ ಅಲ್ವಾ?’ ಎಂದೆ. ಸಿದ್ದಯ್ಯ ಪಿಸ್ಟನ್ನಿನ ಮೇಲೆ ಬೆರಳಾಡಿಸಿ, ‘ಇಲ್ದೆ ಇದ್ರೆ ಈ ಗಾಡಿ ಸಾತನೂರು ಮೊಕ ನೋಡ್ತಿರ್ಲಿಲ್ಲ. ಇತ್ತು ಸ್ವಾಮಿ. ಸಾಲ್ದಾಗಿತ್ತು’ ಎಂದರು. ಅವರಿಗೆ ವಯಸ್ಸಾಯಿತು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಆ ಮರದ ದಿಮ್ಮಿ ಕಡೆಸಿದ್ದು ಚನ್ನಪಟ್ಟಣದ ಖತೀಜಾಳ ಹತ್ತಿರ. ಗೊಂಬೆ ಕಡೆಯುವ ಹಿರೇಸಾಬರ ಮಗಳು, ಈಗ ಅವರ ಲೇತ್ ಅವಳದೇ. ನಿನಗೆ ನೆನಪಿದೆಯೋ, ಗಾಡಿಯ ಜೊತೆ ಬಂದಿದ್ದ ತಗಡಿನ ಅಳತೆ ಬಟ್ಟಲನ್ನು ನಾನು ಪೆಟ್ರೋಲ್ ಬಂಕಿನಲ್ಲಿ ಕಳೆದುಕೊಂಡು, ಅದೇ ಎತ್ತರ ಅದೇ ದಪ್ಪಕ್ಕೆ ಹಾಲೆ ಮರದಲ್ಲಿ ಒಂದು ಕಡೆಸಿ, ಕೆಂಪು ಅರಗು ಹತ್ತಿಸಿ ತಂದಿದ್ದೆ. ‘ಅಳತೆಗೆ ಅಳತೆ, ಅಂದಕ್ಕೆ ಅಂದ’ ಎಂದು ಮನೆಯವರಿಗೆಲ್ಲ ತೋರಿಸಿದ್ದೆ. ನೀವು ಕಬ್ಬಾಳಿಗೆ ಹೊರಟ ಹಿಂದಿನ ದಿನವಷ್ಟೇ. ಅದನ್ನು ಮೊದಲು ಉಪಯೋಗಿಸಿದವನು ನೀನು, ಕೊನೆಗೂ ನೀನೇ. ಖತೀಜಾ ಅದನ್ನು ನೆನೆಸಿಕೊಂಡು ನಕ್ಕಳು. ‘ಒಳಗೆ ಇನ್ನೊಸಿ ತೋಡ್ಬೇಕು ಅಂತ ನಮ್ ಅಬ್ಬಾ ಬಡ್ಕೊಂಡ್ರು ಅನಂತಣ್ಣ. ನೀವೇ ಬಸ್ಸಿಗೆ ಹೊತ್ತಾಯ್ತು, ಸಾಕು, ಬಣ್ಣ ಹತ್ಸಿ ಅಂದ್ರಿ.’ ನಾನೂ ನಕ್ಕು, ದಿಮ್ಮಿ ಬಗಲಿಗಿಟ್ಟು ಬಂದೆ. ಬಸ್ಸಿನಲ್ಲಿ ಮಾತ್ರ ಯಾಕೋ ನಗು ಬರಲಿಲ್ಲ.

ಅದಾದ ಮೇಲೆ ಗೀರಾದ ಸಿಲಿಂಡರಿಗೆ ಬೋರ್ ಹೊಡೆಸಿ ಅಗಲ ಮಾಡಿಸಿದ್ದು, ಮೈಸೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಸೈಜು ದೊಡ್ಡ ಪಿಸ್ಟನ್ ಹುಡುಕಿದ್ದು, ರಿಂಗ್ ಕೂರಿಸುವಾಗ ಒಂದು ಮುರಿದು ಸಿದ್ದಯ್ಯನವರಿಂದ ಮೇಷ್ಟ್ರ ಕಾಲದ ಬೈಗುಳ ತಿಂದದ್ದು, ಎಲ್ಲ ಬರೆದರೆ ಪೋಸ್ಟ್ ಆಫೀಸಿನವರು ತೂಕಕ್ಕೆ ಹಾಕುತ್ತಾರೆ. ಇಂಜಿನ್ ಕೂಡಿಸಿ ಆಯಿತು. ಒಂದೇ ಒಂದು ವಾಷರ್ ಉಳಿದಿದೆ, ಅದು ಯಾವ ಜಾಗದ್ದೋ ತಿಳಿಯದು, ಸಿದ್ದಯ್ಯನವರಿಗೆ ಹೇಳಿಲ್ಲ, ನೀನೂ ಹೇಳಬೇಡ. ನಿನ್ನ ಎಡಗಡೆ ಸೈಲೆನ್ಸರನ್ನು ನನ್ನದಕ್ಕಿಂತ ಹೆಚ್ಚು ಉಜ್ಜಿದ್ದೇನೆ. ಬೇಕಾದರೆ ಮುಖ ನೋಡಿಕೊಳ್ಳಬಹುದು.

ತೀರ್ಪು ಏನಾಯಿತು ಎನ್ನುತ್ತೀಯಾ? ಅದು ಎದುರೆದುರು ಹೇಳಬೇಕಾದ ವಿಷಯ. ಮುಂದಿನ ತಿಂಗಳು ಅಪ್ಪನಿಗೆ ಎಡೆ ಇಡುವ ಅಮಾವಾಸ್ಯೆ. ಬಾ. ಮಗಳಿಗೆ ದೊಡ್ಡಪ್ಪನ ಮುತ್ತು, ಪ್ರತಿಮಾಳಿಗೆ ಆಶೀರ್ವಾದ. ಸಿದ್ದಯ್ಯ ನಿನ್ನನ್ನು ಕೇಳಿದರು, ‘ಕಿವಿ ಇದ್ದ ಹುಡ್ಗ’ ಎಂದರು.

ಇಂತಿ ನಿನ್ನ ಅಣ್ಣ,
ಕೆ. ಅನಂತರಾಜು
(ಉಗುರು ಕಪ್ಪಾದ ಕೈಯ ಸಹಿ, ಗುರುತು ಸಿಗದಿದ್ದರೆ ವಾಸನೆ ನೋಡು)

ಮರೆತ ಮಾತು: ಮರೆತದ್ದಲ್ಲ. ಕವರಿಗೆ ಗೋಂದು ಹಚ್ಚುತ್ತಿದ್ದಾಗ ಅವ್ವ ಬಾಗಿಲಲ್ಲಿ ನಿಂತು ‘ಬಟ್ಲಿಂದು ಬರ್ದೇನ್ಲಾ?’ ಎಂದಳು. ಇಲ್ಲ ಎಂದೆ. ‘ಮತ್ತೆ ಇಷ್ಟೊತ್ತು ಏನ್ ಹರಿಕತೆ ಬರ್ದೆ?’ ಎಂದಳು. ಹೇಳಿಬಿಡುತ್ತೇನೆ. ಆ ಕೆಂಪು ಬಟ್ಟಲು ಹುಳದ ಮನೆಯ ಗೋಡೆಗೂಡಿನಲ್ಲೇ ಇತ್ತು. ತಗಡಿನದು ಹಿಡಿಯುತ್ತಿದ್ದದ್ದು ನಲವತ್ತು ಮಿಲಿ, ಅಂದರೆ ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ನಾಲ್ಕು. ಲತಾಮಣಿ ಮುಚ್ಚಳದಲ್ಲಿ ನೀರು ಹಿಡಿದು ಬಗ್ಗಿಸಿದಳು. ಎರಡನೆಯ ಮುಚ್ಚಳ ಅರ್ಧವಾಗುವಷ್ಟರಲ್ಲಿ ಬಟ್ಟಲು ತುಳುಕಿತು. ಸಿರಪ್ ಕಂಪನಿಯವರು ಮೋಸಗಾರರು ಎಂದು ಡೈರಿಗೆ ಓಡಿ ನನ್ನ ಅಳತೆ ಪಾತ್ರೆ ತಂದೆ. ಅದೂ ನಿನ್ನ ಪಕ್ಷವೇ ಸೇರಿತು. ಮರದ ಗೋಡೆ ದಪ್ಪ, ಒಳಗೆ ಜಾಗವೇ ಇಲ್ಲ. ನಾನು ಬಟ್ಟಲನ್ನು ಹೊರಗಿನಿಂದ ಅಳೆದಿದ್ದೆ ದೇವು. ನಿನ್ನನ್ನೂ ಹಾಗೇ ಅಳೆದುಬಿಟ್ಟೆ. ನೀನು ಲೀಟರಿಗೊಂದು ಬಟ್ಟಲು ಹಾಕಿದ್ದೆ. ತಪ್ಪು ಬಟ್ಟಲಿನದು, ಬಟ್ಟಲು ನನ್ನದು. ಅವ್ವನ ಕೈ ಮುರಿದವನೂ ನಾನೇ.

ಮೊನ್ನೆ ಬೆಳಗ್ಗೆ ಡೈರಿಯ ಸಾಲಿನಲ್ಲಿ ಊರೆಲ್ಲ ನಿಂತಿದ್ದಾಗ ಬಟ್ಟಲು ಎತ್ತಿ ತೋರಿಸಿ ಇದನ್ನೆಲ್ಲ ಹೇಳಿದೆ. ಸಾಲಿನಲ್ಲಿ ಕ್ಯಾನು ಹಿಡಿದಿದ್ದ ಅಂಕಯ್ಯ ‘ಹಂಗಾರೆ ನಮ್ ಹಾಲ್ನೂವೆ ಹಿಂಗೇ ಅಳ್ದಿದ್ದೀಯೇನಣ್ಣ?’ ಎಂದ. ಅವತ್ತಿನ ಹಾಲನ್ನೆಲ್ಲ ಎರಡೆರಡು ಸಲ ಅಳೆಯಬೇಕಾಯಿತು. ನನಗೆ ‘ಅರ್ಧ ಬಟ್ಲು’ ಎಂದು ಹೆಸರು ಬಿದ್ದಿದೆ. ಹೆಸರು ಚೆನ್ನಾಗಿದೆ, ನಿಲ್ಲುತ್ತದೆ. ನಿನ್ನ ಮಗಳಿಗೆ ಇದನ್ನು ಮೊದಲು ಹೇಳು.

ಗಾಡಿಯನ್ನು ಇನ್ನೂ ಒದ್ದಿಲ್ಲ. ಮೊದಲ ಒದೆ ನಿನ್ನದು, ಗಾಡಿಗೋ ನನಗೋ ನೀನೇ ನೋಡಿಕೊ. ಅವ್ವ ಈಗಲೇ ಕಬ್ಬಾಳಿಗೆ ಉಟ್ಟುಕೊಂಡು ಹೋಗಲು ಸೀರೆ ತೆಗೆದಿಟ್ಟಿದ್ದಾಳೆ, ನಿನ್ನ ಹಿಂದೆಯೇ ಕೂರುತ್ತಾಳಂತೆ. ಬರುವಾಗ ನಿನ್ನ ಅಳತೆ ಬಟ್ಟಲು ತಾ. ಪೆಟ್ರೋಲ್ ತಂದಿಟ್ಟಿದ್ದೇನೆ, ಆಯಿಲ್ ಬೆರೆಸಿಲ್ಲ. ಈ ಮನೆಯಲ್ಲಿ ಅಳತೆ ಬಲ್ಲವರು ಯಾರೂ ಇಲ್ಲ.