ಅತ್ತೆಯ ಹೆಸರಿನಲ್ಲಿ ಒಂದು ಸುಳ್ಳು ಟಿಕೆಟ್

ಮಾರ್ಚ್ 4, ಮಂಗಳವಾರ

ಇವತ್ತೂ ಅದೇ. ಎಡಗಡೆ ಫೋನಿನಲ್ಲಿ ಆಪ್, ಬಲಗಡೆ ಫೋನಿನಲ್ಲಿ ವೆಬ್‌ಸೈಟ್. ಒಂದೇ ವಿಮಾನ ಕಂಪನಿ, ಒಂದೇ ಪ್ರಯಾಣ. ಎರಡರಲ್ಲೂ ಟಿಕೆಟ್ ಮಾಡಿ ನೋಡಬೇಕು. ಎಲ್ಲಿ ತಡವರಿಸಿದೆ, ಎಲ್ಲಿ ಸಿಟ್ಟು ಬಂತು, ಬಾಯಿಬಿಟ್ಟು ಹೇಳಬೇಕು. ಟಿಕೆಟ್ಟೆಲ್ಲ ಸುಳ್ಳು. ಪರೀಕ್ಷೆಗೆಂದೇ ಮಾಡಿಟ್ಟ ಆಟದ ಅಂಗಡಿ ಅದು. ದುಡ್ಡೂ ಹೋಗುವುದಿಲ್ಲ, ಯಾರೂ ಹೋಗುವುದಿಲ್ಲ.

ಶಾಲೆ ಅರ್ಧಕ್ಕೆ ಬಿಟ್ಟವಳು ಎಂದೇ ನನ್ನನ್ನು ತೆಗೆದುಕೊಂಡದ್ದಂತೆ. ಆಫೀಸಿನ ಮೇಡಂ ಮುಖದ ಮೇಲೇ ಹೇಳಿದರು, “ನಿಮಗೆ ಅರ್ಥ ಆದ್ರೆ ಎಲ್ರಿಗೂ ಅರ್ಥ ಆಗುತ್ತೆ.” ಹೊಗಳಿದರೋ ಬೈದರೋ... ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅದೇ ಯೋಚನೆ.

ಇವತ್ತೊಂದು ಫಜೀತಿ. ಪ್ರಯಾಣಿಕರ ಹೆಸರು, ಹುಟ್ಟಿದ ದಿನ ಏನಾದರೂ ಹಾಕಿ ಅಂದಿದ್ದರು. ಹಾಕಿದೆ. ವೆಬ್‌ಸೈಟ್ ನಡುವೆ ಕೈಕೊಟ್ಟಿತು, ಎಲ್ಲ ಅಳಿಸಿಹೋಯಿತು, ಮತ್ತೆ ಮೊದಲಿಂದ ಕೇಳಿತು. ಏನು ಹಾಕಿದ್ದೆನೋ ಮರೆತೇಬಿಟ್ಟಿದ್ದೆ. ಸುಳ್ಳು ನೆನಪಿಟ್ಟುಕೊಳ್ಳುವ ತಲೆ ನನ್ನದಲ್ಲ. ಕೊನೆಗೆ ಅತ್ತೆಯ ಹೆಸರು, ಅತ್ತೆ ಹುಟ್ಟಿದ ದಿನ ಹಾಕಿದೆ. ಆಸ್ಪತ್ರೆಯಲ್ಲಿ ಹೇಳಿ ಹೇಳಿ ಬಾಯಿಪಾಠ ಆಗಿದೆಯಲ್ಲ.

ಆಪ್‌ನಲ್ಲೂ ಅತ್ತೆಯದನ್ನೇ ಹಾಕಿದೆ. ಅದು ಮಾತ್ರ ಒಂದೇ ಸಲ ಕೇಳಿತು. ‘ಈ ಪ್ರಯಾಣಿಕರನ್ನು ನೆನಪಿಟ್ಟುಕೊಳ್ಳಲೇ?’ ಎಂದಿತು. ಹೂಂ ಎಂದು ಒತ್ತಿದೆ.

ಮಾರ್ಚ್ 5, ಬುಧವಾರ

ಹೋಗಿ ಬರುವ ಟಿಕೆಟ್. ಎರಡರಲ್ಲೂ ಆಯಿತು. ವೆಬ್‌ಸೈಟಿನ ಅಕ್ಷರ ಇರುವೆ ಸಾಲಿನ ಹಾಗೆ, ಎರಡು ಬೆರಳಲ್ಲಿ ಎಳೆದೆಳೆದು ದೊಡ್ಡದು ಮಾಡಬೇಕು. ಆಪ್‌ನಲ್ಲಿ ಸೀಟಿನ ಚಿತ್ರ ಚೆಂದ. ಅತ್ತೆಗೆ ಕಿಟಕಿ ಪಕ್ಕ ಕೊಟ್ಟೆ. ಸುಳ್ಳಿಗಾದರೂ ಕೂರಲಿ. ಸೊಂಟ ಮುರಿದು ಮಲಗಿದ ಮೇಲೆ ಮುಂದಿನ ಕೋಣೆಯ ಮಂಚ ಬಿಟ್ಟರೆ ಬೇರೆ ಲೋಕವಿಲ್ಲ ಅವರಿಗೆ. ಸ್ನಾನ ಕೂಡ ಒದ್ದೆ ಬಟ್ಟೆಯಲ್ಲಿ.

ಮನೆಗೆ ಬಂದರೆ ಮುಖ ಗಂಟು ಹಾಕಿಕೊಂಡಿದ್ದರು.

“ಕಿವಿ ಕಟ್ಕೊಂಡಿದೆ ಕಣೇ. ಹತ್ತಿ ಕೊಡು.”

“ನೆಗಡಿ ಇರ್ಬೇಕು ಅತ್ತೆ.”

“ನೆಗಡಿ ಕಾಣದವಳಾ ನಾನು? ಇದು ಬೇರೆ. ಮೇಲಕ್ಕೆ ಹೋಗಿ ಕೆಳಗಿಳಿದ ಹಾಗೆ.”

ಕಾಲು ನೋಡಿದೆ, ಊದಿತ್ತು. ಹೊದಿಕೆಯನ್ನು ಸೊಂಟದ ಮೇಲೆ ಪಟ್ಟಿಯ ಹಾಗೆ ಮಡಚಿ ಬಿಗಿದುಕೊಂಡಿದ್ದರು. ಯಾಕೆಂದು ಕೇಳಿದ್ದಕ್ಕೆ, “ಬಿಚ್ಬೇಡಿ ಅಂದ್ರು” ಎಂದರು. ಯಾರು ಅಂದರು ಎಂದು ಕೇಳುವ ಧೈರ್ಯ ಬರಲಿಲ್ಲ.

ಮಾರ್ಚ್ 7, ಶುಕ್ರವಾರ

ನಿನ್ನೆ ವೆಬ್‌ಸೈಟ್ ಮಾತ್ರ. ಅತ್ತೆ ಎಂದಿನ ಹಾಗೆ — ಟೀ ತಣ್ಣಗಿದೆ, ದಿಂಬು ಗಟ್ಟಿ, ನನ್ನ ಮಗ ಬಡಕಲಾದ.

ಇವತ್ತು ಆಪ್. ಒಳಗೆ ಕಾಲಿಡುತ್ತಲೇ ಅತ್ತೆ ನಗುತ್ತಿದ್ದರು. “ಮೋಡ ಮೇಲಿಂದ ನೋಡಿದ್ರೆ ಥೇಟ್ ನೀನು ಗುಡಿಸಿದ ಮನೆ ಕಣೇ. ಮೂಲೆ ಮೂಲೆಲೂ ಗುಡ್ಡೆ.”

ನಗು ಬರಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತೆ.

ಇವರಿಗೆ ಹೇಳಿದೆ. ಲಿಫ್ಟ್ ರಿಪೇರಿ ಮಾಡಿ ಬಂದು ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದರು. “ಟೀವೀಲಿ ನೋಡಿರ್ತಾಳೆ ಬಿಡು. ನಿನ್ನ ತಲೇಲಿ ಹುಳ ಬಿಟ್ರೆ ಬೇರೇನಿದೆ?”

ಟೀವಿ ಕೆಟ್ಟು ಅಟ್ಟ ಸೇರಿ ಎಷ್ಟು ಕಾಲವಾಯಿತು ಎಂಬುದೂ ನೆನಪಿಲ್ಲ ಇವರಿಗೆ.

ಮಾರ್ಚ್ 11, ಮಂಗಳವಾರ

ಈಗ ಅನುಮಾನವಿಲ್ಲ. ವೆಬ್‌ಸೈಟಿನಲ್ಲಿ ಮಾಡಿದರೆ ಏನೂ ಆಗುವುದಿಲ್ಲ. ಮುಚ್ಚಿದೊಡನೆ ಅದು ಮರೆಯುತ್ತದೆ. ಆಪ್ ಮರೆಯುವುದಿಲ್ಲ. ಆಪ್‌ನಲ್ಲಿ ಮಾಡಿದ ದಿನ ಅತ್ತೆ ಹೋಗುತ್ತಾರೆ. ಮಂಚದ ಮೇಲೇ ಇರುತ್ತಾರೆ, ಹೋಗಿರುತ್ತಾರೆ... ಹೇಗೆ ಬರೆಯಲಿ ಇದನ್ನು.

ಇವತ್ತಿನ ಕೆಲಸ ಸೀಟು ಬದಲಾಯಿಸುವುದು. ಕಿಟಕಿಯಿಂದ ನಡುವಿನ ಸೀಟಿಗೆ. ಬೇಡಬೇಡ ಎನ್ನಿಸಿತು, ಮೇಡಂ ಹಿಂದೆಯೇ ನಿಂತಿದ್ದರು, ಒತ್ತಿದೆ.

ಹೊಸ್ತಿಲು ದಾಟುವ ಮೊದಲೇ ಬೈಗುಳ. “ಯಾಕೇ ಮಧ್ಯಕ್ಕೆ ತಳ್ಳಿದೆ? ನಾನೇನು ಮಾಡಿದ್ದೆ ನಿಂಗೆ? ಪಕ್ಕದ ಗೂಳಿ ಮೊಣಕೈಯಲ್ಲಿ ತಿವಿದು ತಿವಿದು ಸಾಯಿಸಿಬಿಟ್ಟ.”

ತೋಳು ಎತ್ತಿ ತೋರಿಸಿದರು. ನೀಲಿಗಟ್ಟಿತ್ತು.

ಆದರೆ ಒಂದು ಮಾತು ಬರೆಯಲೇಬೇಕು. ಮುಖದಲ್ಲಿ ಕಳೆ ಬಂದಿದೆ ಅತ್ತೆಗೆ. ಎರಡು ತಟ್ಟೆ ಊಟ ಮಾಡಿದರು. ದಿಂಬಿಗೆ ಒರಗಿ ತಾವಾಗಿಯೇ ಎದ್ದು ಕೂತರು. ಇದನ್ನು ಕಂಡು ಹೆದರಲೋ, ಕಳೆ ಬಂತಲ್ಲ ಎಂದು ಸುಮ್ಮನಿರಲೋ. ಹೋಗಿ ಬರುವ ಟಿಕೆಟ್ ಆದರೆ ಪರವಾಗಿಲ್ಲ. ಹೋದವರು ಬರುತ್ತಾರೆ. ಬರುವುದನ್ನು ಎರಡೆರಡು ಸಲ ನೋಡಿ ಒತ್ತುತ್ತೇನೆ.

ಮಾರ್ಚ್ 12, ಬುಧವಾರ

ಅತ್ತೆಯ ಹೆಸರು ಅಳಿಸಲು ಹೊರಟೆ. ಆಪ್‌ನಲ್ಲಿ ಎಲ್ಲಿ ಹುಡುಕಿದರೂ ಅಳಿಸುವ ಗುಂಡಿ ಇಲ್ಲ. ಮೇಡಂಗೆ ಹೇಳಿದೆ.

“ಅದೇ ಅಲ್ವಾ ಆಪ್‌ನ ಅನುಕೂಲ? ಒಂದ್ಸಲ ಹೇಳಿದ್ರೆ ಮುಗೀತು. ಜನಕ್ಕೆ ಬೇಕಾಗಿರೋದೇ ಅದು.”

“ಬೇಡ ಅಂತ ಆಮೇಲೆ ಅನ್ನಿಸಿದ್ರೆ ಮೇಡಂ?”

“ಒಳ್ಳೇ ಪ್ರಶ್ನೆ,” ಎಂದು ಬರೆದುಕೊಂಡರು. ಅಷ್ಟೇ. ಬರೆದುಕೊಂಡರು.

ಮಾರ್ಚ್ 14, ಶುಕ್ರವಾರ

ಕೆಲಸದ ಹೊಸ ಪಟ್ಟಿ ಬಂತು. ಹೋಗುವ ಟಿಕೆಟ್ ಮಾತ್ರ. ಬರುವ ಟಿಕೆಟ್ ಇಲ್ಲ.

ವೆಬ್‌ಸೈಟಿನಲ್ಲಿ ಮಾಡಿ ಮುಗಿಸಿದೆ. ಆಪ್ ಮುಟ್ಟಲಿಲ್ಲ. ಬೇರೆ ಹೆಸರು ಹಾಕೋಣವೆಂದರೆ, ಆ ಹೆಸರಿನವರು ಎಲ್ಲೋ ಯಾರೋ ಇದ್ದುಬಿಟ್ಟರೆ? ಚಾರ್ಜ್ ಇಲ್ಲ ಅಂದೆ. ಅಪ್‌ಡೇಟ್ ಆಗುತ್ತಿದೆ ಅಂದೆ. ತಲೆನೋವು ಅಂದೆ. ಪಕ್ಕದ ಮೇಜಿನ ಹುಡುಗ — ಎಲ್ಲರೂ ಕನ್ನಡಕ ಅಂತಲೇ ಕರೆಯುವುದು — ಓರೆಗಣ್ಣಲ್ಲಿ ನೋಡಿದ. “ಏನಕ್ಕಾ, ಆಪ್ ಕಚ್ಚುತ್ತಾ?”

ಮಾರ್ಚ್ 19, ಬುಧವಾರ, ಮಧ್ಯಾಹ್ನ

ದಿನ ದೂಡಿದ್ದೇ ಬಂತು. ಬರೆಯಲೂ ಮನಸ್ಸಿರಲಿಲ್ಲ.

ಇವತ್ತು ಮೇಡಂ ಒಳಗೆ ಕರೆದರು. ವಾಪಸು ಬಂದರೆ ಕನ್ನಡಕ ನನ್ನ ಕುರ್ಚಿಯಲ್ಲಿ ಕೂತು ನಗುತ್ತಿದ್ದಾನೆ.

“ನಿಮ್ಮ ಬಾಕಿ ಕ್ಲಿಯರ್ ಅಕ್ಕಾ. ಟ್ರೀಟ್ ಯಾವಾಗ?”

“ಯಾವ ಹೆಸರಲ್ಲಿ ಮಾಡ್ದೆ?”

“ಅದರಲ್ಲೇ ಇತ್ತಲ್ಲ, ಯಾರೋ ಅಜ್ಜಿ. ಒಂದು ಗುಂಡಿ ಒತ್ತಿದೆ, ಆಯ್ತು. ಚೆಕ್ ಇನ್ ಕೂಡ ಮಾಡಿಬಿಟ್ಟೆ.”

ಪಾಪ, ಒಳ್ಳೆಯದಕ್ಕೇ ಮಾಡಿದ. ನನ್ನ ಮುಖ ನೋಡಿ ಅವನ ನಗು ಆರಿತು.

ಕ್ಯಾನ್ಸಲ್ ಒತ್ತಿದೆ. ಆಪ್ ಹೇಳಿತು — ‘ಚೆಕ್ ಇನ್ ಆಗಿದೆ. ರದ್ದು ಮಾಡಲಾಗದು.’ ಬಲಗಡೆ ಫೋನ್ ತೆಗೆದು ವೆಬ್‌ಸೈಟಿನಲ್ಲಿ ಅದೇ ನಂಬರ್ ಹಾಕಿದೆ. ‘ಇಂಥ ಟಿಕೆಟ್ ಇಲ್ಲ.’ ಮತ್ತೆ ಹಾಕಿದೆ. ಇಲ್ಲ. ಒಂದರಲ್ಲಿ ಅತ್ತೆ ಹೊರಟಿದ್ದಾರೆ, ಇನ್ನೊಂದರಲ್ಲಿ ಅತ್ತೆಯೇ ಇಲ್ಲ.

ಮೇಡಂ ಎರಡೂ ಫೋನ್ ನೋಡಿ ಖುಷಿಪಟ್ಟರು. “ಎರಡೂ ಟಿಕೆಟ್ ಮಾಹಿತೀನ ಒಂದೇ ಕಡೆಯಿಂದ ತರಬೇಕು, ಹೀಗಾಗ್ಬಾರ್ದು. ಭಾರಿ ತಪ್ಪು ಹಿಡಿದಿದ್ದೀರಿ!”

ಅವರು ಬೆನ್ನು ತಿರುಗಿಸಿದ್ದೇ ತಡ, ಎಡಗಡೆ ಫೋನ್ ಚೀಲಕ್ಕೆ ಹಾಕಿಕೊಂಡು ಎದ್ದೆ. ಕಳ್ಳಿಯೂ ಆದೆ. ಇದನ್ನು ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಚೀಲದೊಳಗೆ ಫೋನ್ ಆಗಾಗ ಗುರ್ ಎನ್ನುತ್ತದೆ. ತೆಗೆದು ನೋಡಿದೆ. ‘ವಿಮಾನ ಹತ್ತಿದ್ದಾರೆ.’

ಅದೇ ದಿನ, ಸಂಜೆ

ಮಲಗಿದ್ದಾರೆ. ಗಲ್ಲ ಮೇಲಕ್ಕೆ, ಎರಡೂ ಕೈ ಮಂಚದ ಅಂಚು ಹಿಡಿದಿವೆ. ಅಲುಗಿಸಿದೆ, ಕೂಗಿದೆ, ಮುಖಕ್ಕೆ ನೀರು ಚಿಮುಕಿಸಿದೆ. ಕಣ್ಣು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಸಡಿಲಾಯಿತು. ಅದೇ ಗಳಿಗೆಗೆ ಫೋನ್ ಗುರ್ ಎಂದಿತು. ‘ತಲುಪಿದ್ದಾರೆ.’

ಮಾರ್ಚ್ 20, ಗುರುವಾರ

ಡಾಕ್ಟರ್ ಬಂದು ನೋಡಿದರು. ನಾಡಿ ಚೆನ್ನಾಗಿದೆಯಂತೆ, ಉಸಿರೂ ಸರಿಯಂತೆ. “ಒಳ್ಳೇ ನಿದ್ದೆ ಥರ ಇದೆ. ಆದ್ರೆ ನೀರಿಲ್ಲದೆ ಎಷ್ಟೊತ್ತು ಇರ್ತಾರೆ? ನಾಳೆ ಸಂಜೆಯೊಳಗೆ ಏಳದಿದ್ರೆ ಅಡ್ಮಿಟ್ ಮಾಡಿ.” ಹೋಗುವಾಗ ಇವರನ್ನು ಬಾಗಿಲ ಹೊರಗೆ ಕರೆದು ಇನ್ನೇನೋ ಹೇಳಿದರು. ಇವರು ಒಳಗೆ ಬಂದು ನನ್ನ ಮುಖ ನೋಡಲಿಲ್ಲ.

ಬರುವ ಟಿಕೆಟ್ ಮಾಡಿದೆ. ಕಿಟಕಿ ಪಕ್ಕವೇ ಹುಡುಕಿ ಕೊಟ್ಟೆ. ಕಾದೆ. ‘ಪ್ರಯಾಣಿಕರು ಗೇಟಿಗೆ ಬರಲಿಲ್ಲ.’

ಇನ್ನೊಂದು ಮಾಡಿದೆ. ಬರಲಿಲ್ಲ. ದಾರಿ ತಪ್ಪಿದರೋ? ಓದಲು ಬಾರದು ಅವರಿಗೆ, ಯಾವ ಗೇಟು ಎಂದು ಯಾರು ಹೇಳಬೇಕು? ಯಾರಾದರೂ ಗದರಿದರೋ? ಹೊದಿಕೆ ಕೊಟ್ಟರೋ ಇಲ್ಲವೋ. ಕನ್ನಡಕನ ಫೋನ್ ಬರುತ್ತಲೇ ಇದೆ. ಕೊನೆಗೆ ಎತ್ತಿದೆ.

“ಅಕ್ಕಾ, ಎಡಗಡೆ ಫೋನ್ ಕಾಣ್ತಿಲ್ಲ. ಮೇಡಂ ಮೂರು ಸಲ ಕೇಳಿದ್ರು.”

“ನನ್ನ ಹತ್ರ ಇದೆ. ನಾಳೆ ಒಂದಿನ ನೋಡ್ಕೋ, ಕೈ ಮುಗೀತೀನಿ.”

“ಏನಾಯ್ತಕ್ಕಾ?”

“ಅತ್ತೆ ಊರಲ್ಲಿಲ್ಲ,” ಎಂದುಬಿಟ್ಟೆ. ಮಂಚದ ಪಕ್ಕದಲ್ಲೇ ಕೂತು.

ಮೈ ಒರೆಸಲು ಹೊದಿಕೆ ತೆಗೆದೆ. ಪಾದ ನೋಡಿದೆ. ಅಂಗಾಲಿನ ತುಂಬ ಧೂಳು. ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದವಳು ನಾನೇ. ಹಿಮ್ಮಡಿಯ ಬಿರುಕಿನಲ್ಲಿ ಸಣ್ಣ ಸಣ್ಣ ಕಲ್ಲು, ನಮ್ಮ ಬೀದಿಯಲ್ಲಿಲ್ಲದ ಕೆಂಪು ಕಲ್ಲು. ಬಿಡಿಸಿ ಬಿಡಿಸಿ ತೆಗೆಯುತ್ತಿದ್ದೆ. ಆಗ ತುಟಿ ಅಲುಗಿತು. ಕಣ್ಣು ಮುಚ್ಚಿಯೇ ಇತ್ತು.

“ಕರೀಬೇಡ್ವೇ.”

“ಅತ್ತೆ! ಎಲ್ಲಿದ್ದೀರಿ? ಟಿಕೆಟ್ ಮಾಡಿದ್ದೀನಿ, ಬನ್ನಿ.”

“ನಡೀತಿದ್ದೀನಿ ಕಣೇ. ಯಾರನ್ನೂ ಹಿಡ್ಕೊಳ್ದೆ.”

ಕಲ್ಲು ಬಿಡಿಸುತ್ತಿದ್ದ ಕೈ ಹಿಂದಕ್ಕೆ ತೆಗೆದುಕೊಂಡೆ.

ಮಾರ್ಚ್ 21, ಶುಕ್ರವಾರ, ಮಧ್ಯಾಹ್ನ

ಇವರು ಆಂಬುಲೆನ್ಸ್ ಮಾತಾಡಲು ಹೋಗಿದ್ದಾರೆ. ಸಂಜೆ ಹೊತ್ತಿಗೆ ಬರುತ್ತದೆ.

ತುಟಿ ಒಡೆದಿದೆ ಅತ್ತೆಯದು. ಚಮಚದಲ್ಲಿ ಹಾಕಿದ ನೀರು ಕೆನ್ನೆ ಮೇಲೆ ಇಳಿದುಹೋಗುತ್ತದೆ. ಅಲ್ಲಿ ನಡೆಯುತ್ತಿರಬಹುದು, ಇಲ್ಲಿ ಒಣಗುತ್ತಿದ್ದಾರೆ. ಡ್ರಿಪ್ ಹಾಕಿ ಇಲ್ಲಿನ ಮೈ ಉಳಿಸಬಹುದು. ಬರಲೊಲ್ಲದವರನ್ನು ಯಾವ ಸೂಜಿ ಕರೆದು ತರುತ್ತದೆ?

ಬೆಳಗ್ಗೆಯಿಂದ ತಲೆ ಚಿಟ್ಟು ಹಿಡಿಯುವಷ್ಟು ಯೋಚಿಸಿದೆ. ನಡೆಯುವವರನ್ನು ಮತ್ತೆ ಮಂಚಕ್ಕೆ ಎಳೆದು ತರುವುದು ನ್ಯಾಯವೇ? ಗೊತ್ತಿಲ್ಲ. ಆದರೆ ಒಬ್ಬರೇ ಇದ್ದಾರೆ. ಬೈಯಲು ಒಬ್ಬರೂ ಇಲ್ಲದೆ ಅತ್ತೆ ಎಷ್ಟು ದಿನ ಇದ್ದಾರು? ಎದುರು ನಿಂತು ಕೇಳಬೇಕು. ಬರಲಾರೆ ಅಂದರೆ ಅನ್ನಲಿ. ಇಲ್ಲಿ ಕೂತು ಟಿಕೆಟ್ ಮೇಲೆ ಟಿಕೆಟ್ ಕಳಿಸುವುದು ಮಾತ್ರ ಆಗದು.

ಲಿಫ್ಟ್ ಹತ್ತಲೂ ಕಣ್ಣು ಮುಚ್ಚುವವಳು ನಾನು. ಇವರೇ ರಿಪೇರಿ ಮಾಡಿದ ಲಿಫ್ಟಿನಲ್ಲೂ.

ಆಪ್ ತೆರೆದೆ. ‘ಹೊಸ ಪ್ರಯಾಣಿಕರು’ ಒತ್ತಿದೆ. ನನ್ನ ಹೆಸರು, ನಾನು ಹುಟ್ಟಿದ ದಿನ. ಹೋಗಲು ಒಂದು. ಬರಲು ಎರಡು, ಅಕ್ಕಪಕ್ಕ. ಎರಡು ಸಲ ತಪ್ಪಿತು, ಆಪ್ ತಾಳ್ಮೆಯಿಂದ ಕಾಯಿತು. ‘ನೆನಪಿಟ್ಟುಕೊಳ್ಳಲೇ?’ ಎಂದಿತು. ಒತ್ತಿದೆ. ಚೆಕ್ ಇನ್ ಒತ್ತಿದೆ.

ಒಲೆ ಆರಿಸಿದ್ದೇನೆ. ಬಾಗಿಲಿಗೆ ಚಿಲಕ ಹಾಕಿಲ್ಲ, ಇವರು ಬಂದರೆ ತೆಗೆಯುವವರು ಯಾರು. ಅತ್ತೆಯ ಕೈ ಹಿಡಿದು ಕುರ್ಚಿಯಲ್ಲಿ ಕೂತಿದ್ದೇನೆ. ಇನ್ನೊಂದು ಕೈಯಲ್ಲಿ ಪೆನ್ನು, ತೊಡೆಯ ಮೇಲೆ ಈ ಪುಸ್ತಕ. ಬರೆಯುತ್ತಿದ್ದರೆ ಧೈರ್ಯ.

ಏನೂ ಆಗುತ್ತಿಲ್ಲ. ನನ್ನದೇ ಹುಚ್ಚು ಇರಬೇಕು. ಹಾಗಾದರೆ ಒಳ್ಳೆಯದೇ...

ನೆಲ ಸಣ್ಣಗೆ ಅದುರುತ್ತಿದೆ. ಬೀದಿಯಲ್ಲಿ ಲಾರಿ ಇರಬಹುದು. ಇಲ್ಲ, ಬೀದಿ ಖಾಲಿ. ನೆತ್ತಿಯ ಮೇಲೆ ತಣ್ಣನೆ ಗಾಳಿ, ಫ್ಯಾನ್ ಹಾಕಿಲ್ಲ. ಕುರ್ಚಿ ಹಿಂದಕ್ಕೆ ವಾಲಿತು. ಅತ್ತೆಯ ಕೈ ಹಿಡಿದೇ ಇದ್ದೇನೆ, ಬೆರಳಿಗೆ ಬರೀ ಕುರ್ಚಿಯ ತೋಳು ಸಿಗುತ್ತಿದೆ.

ಯಾರೋ ಬಗ್ಗಿ ಹೇಳುತ್ತಿದ್ದಾರೆ, ಮೆತ್ತಗಿನ ದನಿ — “ಅಮ್ಮಾ, ಪುಸ್ತಕ ಮುಚ್ಚಿ ಬೆಲ್ಟ್ ಬಿಗಿದುಕೊಳ್ಳಿ, ನಾವೀಗ —”