ಸರ್ಪಸುತ್ತು ಇಳಿದ ಸೋಮವಾರ

೧೭ ನವೆಂಬರ್, ಕಡೇ ಕಾರ್ತಿಕ ಸೋಮವಾರ.

ಸೊಂಟಕ್ಕೆ ಸರ್ಪಸುತ್ತು ಎದ್ದಾಗಿನಿಂದ ಸೀರೆ ಉಡಲಾಗದೆ ನೈಟಿಯಲ್ಲೇ ನರಳಿದೆ. ಮನೆ ಪಾಲಿನ ಯೋಚನೆಯೇ ಹೀಗೆ ಮೈಮೇಲೆ ಎದ್ದಿದೆ ಎಂದರು ನರಸೀಪುರದ ಡಾಕ್ಟರು. ವಾರಗಿತ್ತಿ ಸಿದ್ದಲಿಂಗಮ್ಮ ಮಾತ್ರ ದಿನಾ ಬಂದು ಗುಳ್ಳೆ ಎಲ್ಲಿಯವರೆಗೆ ಬಂತೆಂದು ನೋಡುತ್ತಿದ್ದಳು.

"ಸರ್ಪದ ತಲೆ ಬಾಲ ಕೂಡುದ್ರೆ ಉಳಿಯಕಿಲ್ಲ ಕಣಕ್ಕ. ಅಷ್ಟ್ರೊಳ್ಗೆ ಅಡಿಗೆಮನೆ ನಮ್ಗೇ ಅಂತ ಒಂದ್ ಮಾತ್ ಏಳ್ಬುಡು."

ಗುಳ್ಳೆ ಒಣಗಿದೆ. ಇವತ್ತು ಮಿಂದು, ಲಿಂಗಪೂಜೆ ಮುಗಿಸಿ, ನೆರಿಗೆ ಬಿಗಿಯಾಗಿ ಸಿಕ್ಕಿಸಿ ಜಗುಲಿಗೆ ಬಂದೆ. ಗುಳ್ಳೆ ನೋಡಲು ಬಂದಿದ್ದ ಸಿದ್ದಲಿಂಗಮ್ಮ ಬಾಯಿ ಬಿಟ್ಟು ನೋಡಿದಳು.

"ನಾನೂ ಉಳ್ಕಂಡೆ ಕಣವ್ವ, ಅಡಿಗೆಮನೇನೂ ನನ್ಗೇ ಉಳ್ಕತು. ಕೂತ್ಕೊ, ಕಾಫಿ ಕಾಸ್ತೀನಿ" ಅಂದೆ. ಕುಡಿದೇ ಹೋದಳು.

ನಂಜುಂಡಪ್ಪಾ, ನನ್ನ ಶಿವನೇ, ಹುಣ್ಣಿದ್ದ ಮಗ್ಗುಲಿಗೇ ತಿರುಗಿ ಮಲಗಿ ಬರೆಯುತ್ತಿದ್ದೇನೆ. ಕೊಂಚ ನವೆ ಇದೆ, ಇರಲಿ. ಕಣ್ಣು ಎಳೆಯುತ್ತಿದೆ