ಏರು ಹತ್ತದ ಗಾಡಿ

ಮನೆಯಿಂದ,
ಮಾರ್ಚ್ ಹನ್ನೊಂದು, ಭಾನುವಾರ ಬೆಳಗ್ಗೆ

ಮುದ್ದು ಮಗಳೇ,

ಹೇಗಿದ್ದೀಯಮ್ಮಾ? ಹೊತ್ತುಹೊತ್ತಿಗೆ ತಿನ್ನುತ್ತೀಯಾ? ಅಲ್ಲಿ ಚಳಿ ಇನ್ನೂ ಬಿಟ್ಟಿರಲಿಕ್ಕಿಲ್ಲ. ನಾನು ಹೊಲಿದುಕೊಟ್ಟ ಕೋಟಿನ ತೋಳು ತುಸು ಗಿಡ್ಡವಾಯಿತೇನೋ ಎಂದು ಈಗಲೂ ಚುಚ್ಚುತ್ತದೆ. ದರ್ಜಿಯ ಮಗಳಿಗೇ ಹೀಗಾದರೆ ಊರವರ ಗತಿಯೇನು? ನಾವಿಬ್ಬರೂ ಚೆನ್ನಾಗಿದ್ದೇವೆ. ಹಾಗೆಂದು ಬರೆದೆನೇ ಹೊರತು, ಮನೆಯಲ್ಲಿ ಏನು ನಡೆಯುತ್ತಿದೆ ಎನ್ನುವುದು ನನ್ನ ತಲೆಗಂತೂ ಪೂರ್ತಿ ಹೋಗಿಲ್ಲ.

ಹೋದ ತಿಂಗಳು ನೀನು ಬರೆದಿದ್ದೆಯಲ್ಲ, 'ನಿಮ್ಮ ಗಾಡಿ ಈ ಏರು ಹತ್ತಲ್ಲ ಅಪ್ಪಾ, ಬರೋಕೆ ಹೋಗ್ಬೇಡಿ' ಅಂತ, ಅಲ್ಲಿಂದ ಶುರುವಾಯಿತು. ಅಳಿಯನಿಂದ ಬೇರೆಯಾಗಿ ನೀನು ಆ ಬೆಟ್ಟದ ಮೇಲಿನ ಶಾಲೆಯ ಕೆಲಸಕ್ಕೆ ಹೊರಟ ದಿನ ನಮ್ಮ ಪುಟ್ಟ ಕಾರು ಅರ್ಧ ದಾರಿಯಲ್ಲೇ ಏದುಸಿರು ಬಿಟ್ಟು ನಿಂತದ್ದು, ನೀನು ಪೆಟ್ಟಿಗೆ ಎತ್ತಿಕೊಂಡು ಯಾವುದೋ ಲಾರಿ ಹತ್ತಿ ಹೋದದ್ದು ನಿಜವೇ. ಆದರೂ ಆ ಸಾಲು ನನಗೆ ಬಿಡಿಸಲಾಗದ ಗಂಟಾಗಿದೆ. ಬರಬೇಡಿ ಎಂದದ್ದು ಗಾಡಿಯ ಕಾರಣಕ್ಕೋ, ನಮ್ಮನ್ನು ನೋಡಲು ಮನಸ್ಸಿಲ್ಲದ್ದಕ್ಕೋ?

ನಿನ್ನಮ್ಮನಿಗೆ ಅಂಥ ಅನುಮಾನವೇ ಇದ್ದಂತಿರಲಿಲ್ಲ. ಬಸ್ಸಿನಲ್ಲಿ ಹೋಗೋಣವೆಂದರೆ, 'ಬಸ್ಸಿನ ಮಾತು ಅವಳೆಲ್ಲಿ ಎತ್ತಿದ್ದಾಳೆ? ಗಾಡಿ ಹತ್ತಲ್ಲ ಅಂದಿದ್ದಾಳೆ. ಹತ್ತಿಸ್ತೀನಿ' ಎಂದಳು. ಮರುದಿನವೇ ಎಂಜಿನ್ನಿನ ತಲೆಯ ಮೇಲೆ ಕೂರುವ ಹೆಡ್ಡು ಎಂಬ ಲೋಹದ ಗಟ್ಟಿಯನ್ನು ಬಿಚ್ಚಿಸಿ ಊಟದ ಮೇಜಿನ ಮೇಲೆ ತಂದಿಟ್ಟಳು. ಅಂದಿನಿಂದ ನಮ್ಮ ಊಟ ಹೊಲಿಗೆಯಂತ್ರದ ಮೇಲೆ! ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ಒಳಮೈ ಎರಕದಲ್ಲೇ ಒರಟಾಗಿದೆಯಂತೆ, ಕೊಳವೆ ಬಂದು ಕೂಡುವಲ್ಲಿ ಒಂದು ಮೆಟ್ಟಿಲು ಉಳಿದಿದೆಯಂತೆ, ಗಾಳಿ ಅದಕ್ಕೆ ಎಡವುತ್ತದಂತೆ. ಗಾಳಿ ಎಡವುವುದೆಂದರೇನು ಎಂದು ಕೇಳಿದೆ. ನನ್ನ ಹೆಬ್ಬೆರಳನ್ನೇ ತೂತಿನೊಳಗೆ ತಳ್ಳಿ, 'ಈಗ ಗೊತ್ತಾಯ್ತಾ?' ಎಂದಳು. ಗೊತ್ತಾಗಲಿಲ್ಲ, ಆದರೂ ತಲೆಯಾಡಿಸಿದೆ.

ಕೃತಕ ಹಲ್ಲು ಮಾಡುವುದರಲ್ಲೇ ಕೈ ಪಳಗಿದವಳು. ಆ ಹಲ್ಲನ್ನು ಅರೆದು ನಯಮಾಡುವ ಪುಟ್ಟ ಯಂತ್ರವನ್ನೇ ಹಿಡಿದು, ಕೊಳವೆಗೂ ಹೆಡ್ಡಿಗೂ ನಡುವೆ ಕೂರುವ ಗ್ಯಾಸ್ಕೆಟ್ ಹಾಳೆಯನ್ನು ಅಳತೆಗೆ ಇಟ್ಟು ಗೆರೆ ಎಳೆದು, ಗೆರೆಯವರೆಗೆ ಮಾತ್ರ ಕೆರೆದಳು. ಆಮೇಲೆ ಕಡ್ಡಿಗೆ ಉಪ್ಪುಕಾಗದ ಸುತ್ತಿ ತಿಕ್ಕಿದ್ದೇ ತಿಕ್ಕಿದ್ದು. ಗ್ಯಾರೇಜಿನವ ಬಂದು, 'ಜಾಸ್ತಿ ಕೆರೀಬೇಡಿ ಅಮ್ಮಾ, ಗೋಡೆ ತೂತಾದ್ರೆ ಹೆಡ್ಡೇ ಹೋಯ್ತು' ಎಂದು ಹೆದರಿಸಿ ಹೋದ. ಬಟ್ಟೆಯಾದರೆ ತೇಪೆ ಹಾಕಬಹುದು, ಇದಕ್ಕೇನು ಹಾಕುವುದು?

ಒಂದು ಮಧ್ಯಾಹ್ನ ತಡೆಯಲಾಗದೆ ನಿನ್ನಮ್ಮನನ್ನು ಕೇಳಿಯೇಬಿಟ್ಟೆ, 'ಮಗಳು ಹೇಳಿದ್ದು ಗಾಡಿಯ ವಿಷಯವೇ ಅಂತ ನಿನಗೆ ಖಾತ್ರಿಯಾ?' ಯಂತ್ರ ನಿಲ್ಲಿಸಿದಳು. ಕನ್ನಡಕ ತೆಗೆದು ಲೋಹದ ಪುಡಿ ಒರೆಸುತ್ತಾ ಇದ್ದಳು, ಒರೆಸಿದ್ದನ್ನೇ ಒರೆಸುತ್ತಾ ಇದ್ದಳು. 'ಗೊತ್ತಿಲ್ಲ ರೀ. ಗಾಡಿಯಾದ್ರೆ ನನ್ನ ಕೈಲಾಗುತ್ತೆ. ಬೇರೆ ಏನಾದ್ರೂ ಆಗಿದ್ರೆ ನಾನೇನು ಮಾಡ್ಲಿ?' ಎಂದಳು. ನಾನು ಹೋಗಿ ಇನ್ನಷ್ಟು ಉಪ್ಪುಕಾಗದ ಕತ್ತರಿಸಿಕೊಟ್ಟೆ.

ಎಲ್ಲ ತೊಳೆದು ಜೋಡಿಸಿದ ಮೇಲೆ ಗಾಡಿ ಕೆಮ್ಮಿತೇ ಹೊರತು ಹೊರಡಲಿಲ್ಲ. ಪುಡಿ ಒಳಗೆ ಬೀಳದಿರಲೆಂದು ತುರುಕಿದ್ದ ಚಿಂದಿಯೊಂದು ಒಳಗೇ ಉಳಿದಿತ್ತು! ಪುಣ್ಯಕ್ಕೆ ಅದು ನನ್ನ ಅಂಗಡಿಯ ಚಿಂದಿ, ಬೈಗುಳವೂ ನನಗೇ. ತಿರುಗಿ ಬಿಚ್ಚಿ, ತಿರುಗಿ ಜೋಡಿಸಿ, ನಿನ್ನೆ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಎದ್ದಿತು. ಮೊದಲಿಗಿಂತ ಚುರುಕಾಗಿದೆಯೋ, ಸದ್ದು ಮಾತ್ರ ಜಾಸ್ತಿಯಾಗಿದೆಯೋ, ನನಗೆ ತಿಳಿಯದು. ನಿನ್ನಮ್ಮ ಮಾತ್ರ ಬೀದಿಯುದ್ದಕ್ಕೂ ಓಡಿಸಿಕೊಂಡು ಬಂದಳು.

ಮೈ ಕಡೆ ನೋಡಿಕೋ, ಮಗಳೇ. ಎಲ್ಲಿದ್ದರೂ ತಣ್ಣಗಿರು. ಅಮ್ಮ ನಿನ್ನ ತಲೆ ಸವರಿದ್ದೇನೆಂದು ಬರೆಯಲು ಹೇಳಿದಳು. ಕೈ ತುಂಬ ಮಸಿ, ಬೇಡವೆಂದೆ.

ಇಂತಿ ನಿನ್ನ,
ಅಪ್ಪ

ಮತ್ತೆ ಸೇರಿಸಿದ್ದು: ಇದನ್ನು ಅಂಚೆಗೆ ಹಾಕಲು ನಿನ್ನಮ್ಮ ಬಿಡಲೇ ಇಲ್ಲ, ನನ್ನನ್ನೂ ಕಾಗದವನ್ನೂ ಕೂರಿಸಿಕೊಂಡು ಹೊರಟೇಬಿಟ್ಟಳು. ಗಾಡಿ ಹತ್ತಿತು, ಮಗಳೇ. ಎಲ್ಲೂ ನಿಲ್ಲಲಿಲ್ಲ. ಈಗ ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ನೀನು ಪಾತ್ರೆ ತೊಳೆಯುವ ಸದ್ದು ಕೇಳುತ್ತಿದೆ. ಅಮ್ಮ ಬೀದಿಯ ತುದಿಯಲ್ಲಿ ಗಾಡಿಯೊಳಗೇ ಕೂತಿದ್ದಾಳೆ, ಇಲ್ಲಿಯವರೆಗೆ ಬರಲು ಧೈರ್ಯವಿಲ್ಲವಂತೆ. ಇದನ್ನು ಬಾಗಿಲ ಸಂದಿಯಲ್ಲಿ ತೂರಿಸಿ ನಾನೂ ಅಲ್ಲಿಗೆ ಹೋಗುತ್ತೇನೆ. ಬರಬೇಡಿ ಎಂದದ್ದು ನಮಗೇ ಆಗಿದ್ದರೆ ಬಾಗಿಲು ತೆಗೆಯಬೇಡ, ಬೇಜಾರಿಲ್ಲ. ಅಲ್ಲವಾದರೆ ಬೇಗ ಬಾ, ಅವಳು ಆಗಲೇ ಅಳುತ್ತಿದ್ದಾಳೆ.